ಎಲ್ಲಿ ಪೆಟ್ಟು, ಹೇಗೆ ಪೆಟ್ಟು

ಅನುಸೂಯಾ ಹುಟ್ಟಿದ್ದು ಯಾದಗಿರಿ ಕಡೆಯ ಹಳ್ಳಿಯಲ್ಲಾದರೂ ಬೆಳೆದದ್ದು ಪುಣೆಯಲ್ಲಿ, ಕಟ್ಟುತ್ತಿರುವ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ. ಅಪ್ಪ ಧರ್ಮಣ್ಣನದು ಗಾರೆ ಕೆಲಸ, ಅವ್ವ ಇಟ್ಟಿಗೆ ಹೊರುತ್ತಿದ್ದಳು. ಕಟ್ಟಡ ಮುಗಿದರೆ ಶೆಡ್ಡೂ ಬದಲು, ಶಾಲೆಯೂ ಬದಲು. ಆದರೂ ಹಟ ಹಿಡಿದು ಬಿ.ಕಾಂ. ಮುಗಿಸಿ, ೨೦೦೨ರಲ್ಲಿ ಬಿಬವೇವಾಡಿ ಹತ್ತಿರದ ಒಂದು ಆಸ್ಪತ್ರೆಯ ರೆಕಾರ್ಡ್ ವಿಭಾಗ ಸೇರಿದಳು.

ವೈದ್ಯರು ಬರೆದ ಕಾಯಿಲೆಗೆ ದಪ್ಪ ಪುಸ್ತಕ ನೋಡಿ ಕೋಡ್ ಹಾಕುವುದು ಅವಳ ಕೆಲಸ. ತೊಡೆಯ ಮೂಳೆ ಮುರಿದರೆ ಒಂದು ಕೋಡ್, ಮೊಣಕೈ ಉಳುಕಿದರೆ ಇನ್ನೊಂದು. ವೈದ್ಯರು ಬರೀ ‘ಪೆಟ್ಟು’ ಎಂದಿದ್ದರೆ ಟಿ ಹದಿನಾಲ್ಕು ಪಾಯಿಂಟ್ ಒಂಬತ್ತು. ಅಂದರೆ ಪೆಟ್ಟಾಗಿದೆ, ಎಲ್ಲಿ, ಎಂಥದು ಎಂಬುದು ನಮೂದಾಗಿಲ್ಲ. ಕೆಲವೇ ತಿಂಗಳಲ್ಲಿ ಅವಳಿಗೆ ಒಂದು ವಿಷಯ ಕಾಣಿಸಿತು. ಈ ಕೋಡ್ ಬೀಳುತ್ತಿದ್ದುದು ಹೆಚ್ಚಾಗಿ ತಿಪ್ಪವ್ವ, ನಾಗವ್ವ, ಭೀಮು ಎಂಬ ಹೆಸರಿನವರಿಗೆ. ಎಲ್ಲರೂ ಅವಳ ಕಡೆಯ ಕೂಲಿಯವರು, ಮರಾಠಿ ಬಾರದವರು.

ಮರುವರ್ಷ ಸಾಬವ್ವ ಎಂಬ ಹೆಂಗಸಿನ ಫೈಲು ಬಿಡುಗಡೆಗೆ ಮುಂಚೆ ಕೋಡ್‌ಗಾಗಿ ಬಂತು. ಕರೆತಂದ ಮುಕಾದಮ, ಅಂದರೆ ಕೂಲಿಯವರ ಮೇಲ್ವಿಚಾರಕ, ‘ಶೆಡ್ಡಿನಲ್ಲಿ ಜಾರಿಬಿದ್ದಳು’ ಎಂದಿದ್ದ. ವೈದ್ಯರು ‘ಪೆಟ್ಟು’ ಎಂದಷ್ಟೇ ಬರೆದಿದ್ದರು.

ವಿಭಾಗದ ಮುಖ್ಯಸ್ಥ ಪ್ರಲ್ಹಾದ ಸೊಲ್ಲಾಪುರದವರು. “ಡಾಕ್ಟ್ರು ಬರೀಲಾರದ್ದು ನಾವು ಬರಿಯೂ ಹಂಗಿಲ್ಲವ್ವಾ. ಇದ್ದ ಕೋಡ್ ಹಾಕಿ ಕಳಸು,” ಎಂದರು.

“ಬರಿಯೂದಿಲ್ರಿ ಸರ್. ಕೇಳಿ ಬರ್ತೀನಿ,” ಎಂದು ಅವಳು ಮೆಟ್ಟಿಲು ಹತ್ತಿದಳು.

ಸಾಬವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು.

“ಯಕ್ಕಾ, ಎಲ್ಲಿ ನೋಯ್ಲಿಕ್ಕತ್ತದ?”

ಕನ್ನಡ ಕಿವಿಗೆ ಬಿದ್ದದ್ದೇ ಆಕೆ ಗಕ್ಕನೆ ಹೊರಳಲು ಹೋಗಿ ನರಳಿದಳು. “ಟೊಂಕ ತಂಗಿ. ಬಲಗಾಲು ಜೋಮು ಹಿಡದದ. ಎಲ್ಲರಿಗೂ ಹೇಳ್ದೆ, ಯಾರಿಗೂ ತಿಳೀಲಿಲ್ಲ.”

“ಬಿದ್ದಿದ್ದೆಲ್ಲಿ?”

ಸಾಬವ್ವ ಸುತ್ತ ನೋಡಿದಳು. ಮುಕಾದಮ ಇರಲಿಲ್ಲ. “ಕಟ್ಟಡದ ಎರಡನೇ ಮಜಲಿಂದ. ನಿಂತ ಹಲಗಿ ಮುರೀತು. ಅಂವಾ ಹೇಳಬ್ಯಾಡ ಅಂದಾನ. ನನ್ನ ಗಂಡನೂ ಅಲ್ಲೇ ದುಡೀತಾನ.”

“ಹೇಳೂದು ಬಿಡೂದು ನಿಂದು ಯಕ್ಕಾ. ಹೇಳಿದ್ರ ನಾ ಬಾಜೂಕ ನಿಂದರ್ತೀನಿ.”

ಸಾಬವ್ವ ಬಾಗಿಲ ಕಡೆ ಇನ್ನೊಮ್ಮೆ ನೋಡಿದಳು. ಆಮೇಲೆ, “ಡಾಕ್ಟ್ರಿಗಿ ಕರಿ,” ಎಂದಳು.

ಎರಡು ಪಾಳಿ ಒಟ್ಟಿಗೆ ಮಾಡಿ ದಣಿದಿದ್ದ ಚಿಕ್ಕ ವಯಸ್ಸಿನ ವೈದ್ಯ ತಕರಾರಿಲ್ಲದೆ ಬಂದ. ಅವನ ಪ್ರಶ್ನೆಗಳನ್ನು ಅನುಸೂಯಾ ಕನ್ನಡಕ್ಕೂ ಉತ್ತರಗಳನ್ನು ಮರಾಠಿಗೂ ತಿರುಗಿಸಿದಳು. ಕಾಲು ಮುಟ್ಟಿ ನೋಡಿದವನೇ ಬಿಡುಗಡೆ ನಿಲ್ಲಿಸಿ ಎಕ್ಸ್‌ರೇಗೆ ಕಳಿಸಿದ. ಬೆನ್ನುಮೂಳೆ ಸೊಂಟದ ಹತ್ತಿರ ಬಿರುಕು ಬಿಟ್ಟಿತ್ತು. ವೈದ್ಯ ಅದನ್ನೂ, ಹಲಗೆ ಮುರಿದು ಮೇಲಿಂದ ಬಿದ್ದದ್ದನ್ನೂ ಫೈಲಿನಲ್ಲಿ ಬರೆದ.

ಸಂಜೆ ಮುಕಾದಮ ಬಂದು ರೇಗಾಡಿದ. “ಇದನ್ನೆಲ್ಲಾ ಬರಿಯಾಕ ನೀ ಯಾರು?”

“ಬರದವ್ರು ಡಾಕ್ಟ್ರು, ಹೇಳಿದಾಕಿ ಅಕಿ. ಅಳಸೂದಿಲ್ರಿ,” ಎಂದಳು ಅನುಸೂಯಾ. ಪ್ರಲ್ಹಾದ ಎದ್ದು ಬಂದು ಅವಳ ಪಕ್ಕ ನಿಂತರು. ಮುಕಾದಮ ಗೊಣಗುತ್ತ ಹೋದ.

ಮುಕಾದಮ ಸಾಬವ್ವನ ಗಂಡನನ್ನು ಕೆಲಸದಿಂದ ತೆಗೆದ. ಅನುಸೂಯಾಳ ಅಪ್ಪ ಧರ್ಮಣ್ಣ ಅವನನ್ನು ತನ್ನ ಮೇಸ್ತ್ರಿಯ ಹತ್ತಿರ ಸೇರಿಸಿದ. ಸಾಬವ್ವ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಮೆಲ್ಲಗೆ ನಡೆಯುವಂತಾದಳು. ಇಟ್ಟಿಗೆ ಮಾತ್ರ ಮತ್ತೆ ಹೊರಲಿಲ್ಲ.

ಪ್ರಲ್ಹಾದ ಮೇಲಿನವರಿಗೆ ಹೇಳಿ, ಬೆಳಿಗ್ಗೆ ಒಂದು ಗಂಟೆ ಅನುಸೂಯಾ ವಾರ್ಡುಗಳಿಗೆ ಹೋಗಲು ಒಪ್ಪಿಗೆ ಕೊಡಿಸಿದರು. ನರ್ಸ್‌ಗಳು ಮೊದಮೊದಲು ಗೊಣಗಿದರು, ಆಮೇಲೆ ಸೊಂಟಕ್ಕೆ ಟೊಂಕ, ತೋಳಿಗೆ ರಟ್ಟಿ, ಪಕ್ಕೆಗೆ ಪಕ್ಕಡಿ ಎಂಬ ಮಾತು ಕಲಿತರು. ಬರೀ ‘ಪೆಟ್ಟು’ ಎಂಬ ಆ ಕೋಡ್ ಪೂರಾ ನಿಲ್ಲಲಿಲ್ಲ, ಎಚ್ಚರವಿಲ್ಲದೆ ಬರುವವರೂ ಇರುತ್ತಾರಲ್ಲ. ಆದರೆ ಬಾಯಿ ಇದ್ದವರನ್ನು ಕೇಳದೆ ಅನುಸೂಯಾ ಅದನ್ನು ಹಾಕಲಿಲ್ಲ.