ಉರಿಯದ ನೀರು

ಸಿಂದಗಿಯ ಒಂದು ಸಣ್ಣ ದವಾಖಾನೆಯಲ್ಲಿ ಮಾಬುಬಿ ಮೂವತ್ತೊಂದು ವರ್ಷ ಗಾಯ ತೊಳೆದು ಪಟ್ಟಿ ಕಟ್ಟಿದಳು. ಅವಳ ಕೈಯಲ್ಲಿ ಚೀರದವರಿಲ್ಲ. ಔಷಧ ಉರಿದಷ್ಟೂ ಗುಣ ಎಂದು ರೋಗಿಗಳು ನಂಬಿದ್ದರು, ಅವಳೂ ನಂಬಿದ್ದಳು. ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಮಾಡಿದ ಹೊಸ ದ್ರಾವಣ ಬಂದ ಮೇಲೆ ಆ ನಂಬಿಕೆ ಹೋಯಿತು. ಅದು ಕ್ರಿಮಿ ಕೊಲ್ಲುತ್ತಿತ್ತು, ಹೊಸ ಮಾಂಸವನ್ನು ಸುಡುತ್ತಿರಲಿಲ್ಲ. ಜನ ಅದಕ್ಕೆ ‘ಕರೆಂಟಿನ ನೀರು’ ಎಂದರು.

ಮೋರಟಗಿಯ ಸಾವಿತ್ರೀಬಾಯಿ ಅವಳಿಗೆ ನಾಲ್ಕನೇ ಇಯತ್ತೆಯಲ್ಲಿ ಕಲಿಸಿದವರು. ಸಕ್ಕರೆ ಕಾಯಿಲೆಯಿಂದ ಅವರ ಕಣಕಾಲಿನಲ್ಲಿ ಹುಣ್ಣಾದಾಗ ಮಾಬುಬಿ ದಿನ ಬಿಟ್ಟು ದಿನ ಬಸ್ಸು ಹತ್ತಿ ಹೋದಳು. ಕರೆಂಟಿನ ನೀರಿನ ಒಂದೇ ಬಾಟಲಿಯನ್ನು ಇಬ್ಬರು ರೋಗಿಗಳಿಗೆ ಹಂಚಬೇಕಾಗಿ, ಅರ್ಧವನ್ನು ಚೀಟಿ ಕಿತ್ತ ಖಾಲಿ ಸಲಾಯಿನ್ ಬಾಟಲಿಗೆ ಸುರಿದು ಒಯ್ದಿದ್ದಳು.

“ಏ ಮಾಬು, ಇದು ಔಷಧ ಏನು ಬರೇ ನೀರು? ಒಟ್ಟ ಉರೀವಲ್ದಲ್ಲ!”

“ಉರಿಯಂಗಿಲ್ರಿ ಅಕ್ಕೋರ. ಏನೂ ಅಪಾಯಿಲ್ಲ.”

“ಮಗ್ಗಿಗೆ ಬಡದದ್ದರ ಸೇಡು ಈಗ ತೀರಸ್ಕೋತಿ ಅಂತ ಮಾಡಿದ್ದೆ.”

“ಹದಿನೇಳರ ಮಗ್ಗಿ ಇನ್ನೂ ಬರಂಗಿಲ್ರಿ ನನಗ.”

ಎರಡು ತಿಂಗಳಲ್ಲಿ ಹುಣ್ಣು ಮಾಯಿತು. ಉಳಿದ ನೀರನ್ನು ಮಾಬುಬಿ ಅಲ್ಲೇ ಬಿಟ್ಟು ಬಂದಳು. ಸಾವಿತ್ರೀಬಾಯಿ ಅದನ್ನು ದೇವರ ಜಗಲಿಯ ಮೇಲೆ, ಕಾಶಿಯಿಂದ ತಂದ ಗಂಗೆಯ ಗಿಂಡಿಯ ಪಕ್ಕದಲ್ಲಿಟ್ಟರು. ಬಾಯಿ ಬೆಸೆದ ಆ ತಾಮ್ರದ ಗಿಂಡಿ ಅವರ ಅತ್ತೆಯ ಕಾಲದ್ದು. ಒಳಗಿನ ನೀರು ಇಂದಿಗೂ ಕೆಟ್ಟಿಲ್ಲವೆಂದು ಮನೆಯವರೆಲ್ಲ ಹೇಳುತ್ತಿದ್ದರು.

ಹದಿನಾಲ್ಕು ತಿಂಗಳ ಮೇಲೆ ಚಪ್ಪಲಿ ಕಚ್ಚಿ ಸಾವಿತ್ರೀಬಾಯಿಯವರ ಕಾಲಿನ ಹೆಬ್ಬೆರಳಿಗೆ ಗಾಯವಾಯಿತು. ಮಾಬುಬಿಗೇಕೆ ತೊಂದರೆ ಎಂದು ಅವರು ಆ ನೀರಿನಿಂದಲೇ ತೊಳೆಯುತ್ತ ಹೋದರು. ಸೀಲು ಒಡೆದ ಬಾಟಲಿಯಲ್ಲಿ ಅದರ ಕಸುವು ಬಹಳ ದಿನ ನಿಲ್ಲುವುದಿಲ್ಲ. ಕಸುವಿದ್ದಾಗಲೂ ಅದು ಉರಿದಿರಲಿಲ್ಲ, ಕಸುವು ಸತ್ತ ಮೇಲೂ ಉರಿಯಲಿಲ್ಲ. ಹನ್ನೆರಡನೆಯ ದಿನ ಪಾದ ಕಪ್ಪಾಯಿತು. ವಿಜಯಪುರದಲ್ಲಿ ಮೊಣಕಾಲ ಕೆಳಗೆ ಕತ್ತರಿಸಿದರು. ಅವರು ಮನೆಗೆ ಮರಳುವಷ್ಟರಲ್ಲಿ ಹಳೆಯ ಬಾಟಲಿಯನ್ನು ಯಾರೋ ಎಸೆದಿದ್ದರು.

ಪಟ್ಟಿ ಬದಲಿಸಲು ಮಾಬುಬಿ ಮತ್ತೆ ಮೋರಟಗಿಗೆ ಹೋದಳು. ಹೊಸ ಬಾಟಲಿಯ ಸೀಲು ಒಡೆದು ಅದರ ಮೇಲೆ ತಾರೀಖು ಬರೆದಳು.

“ಅದ್ಯಾಕ?”

“ಒಡದ ಮ್ಯಾಲ ಭಾಳ ದಿನ ನಡಿಯಂಗಿಲ್ರಿ. ಬಾಟ್ಲಿ ಮ್ಯಾಲ ಬರದಿರ್ತಾರ.”

ಸಾವಿತ್ರೀಬಾಯಿ ನಕ್ಕುಬಿಟ್ಟರು. “ಮೂವತ್ತು ವರ್ಷ ಮಂದಿ ಮಕ್ಕಳಿಗೆ ಓದಲಿಕ್ಕೆ ಕಲಿಸಿದಾಕಿ, ಒಂದು ಬಾಟ್ಲಿ ಓದಲಿಲ್ಲ ನೋಡು. ಗಂಗಾ ಹಳಸಂಗಿಲ್ಲ, ಇದೂ ಹಳಸಂಗಿಲ್ಲ ಅಂತ ತಿಳಕೊಂಡೆ. ತಪ್ಪು ನಂದೇ, ಮಾಬು.”

ಮಾಬುಬಿ ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

“ಅದರ ಮ್ಯಾಲ ಓದಾಕ ಏನೂ ಇರಲಿಲ್ರಿ ಅಕ್ಕೋರ. ಚೀಟಿ ಇದ್ದ ಬಾಟ್ಲಿ ನನ್ನ ಕಡೆ ಇತ್ತು. ಅರ್ಧಾ ಸುರುವಿ ತಂದಾಕಿ ನಾನು. ಉಳದದ್ದು ಚೆಲ್ರಿ ಅಂತ ಹೇಳಲಿಲ್ಲ.”

ಸಾವಿತ್ರೀಬಾಯಿ ಹಾಸಿಗೆಯ ಮೇಲೆ ಪಾದ ಇರಬೇಕಾಗಿದ್ದ ಜಾಗವನ್ನು ನೋಡಿದರು. ಮಾಬುಬಿ ಪಟ್ಟಿ ಕಟ್ಟಿ ಮುಗಿಸಿದಳು. ಬೈಗುಳಕ್ಕೆ ಕಾದಳು. ಬರಲಿಲ್ಲ.

“ನಾಡಿದ್ದ ಬರ್ತೇನ್ರಿ,” ಎಂದು ಎದ್ದಳು.

“ಬರ್ರಿ,” ಎಂದರು ಸಾವಿತ್ರೀಬಾಯಿ.

ನಾಲ್ಕನೇ ಇಯತ್ತೆಯಿಂದ ಅಂದಿನವರೆಗೆ ಅವರು ಅವಳಿಗೆ ‘ಬಾ’ ಎಂದಷ್ಟೇ ಹೇಳಿದ್ದರು. ಗಾಯ ಮಾಯಲು ಏಳು ವಾರ ಹಿಡಿಯಿತು. ಅಷ್ಟೂ ದಿನ ಮಾಬುಬಿ ತಪ್ಪದೆ ಹೋದಳು. ಹೋದಾಗಲೆಲ್ಲ ‘ಬರ್ರಿ’ ಎನಿಸಿಕೊಂಡು ಬಂದಳು.