ಗಾಳಿಗೆ ನಮ್ಮತ್ತೆ ಕೊಟ್ಟ ಹೆಸರು

ನಮ್ಮತ್ತೆಯ ಸೆರಗು ತಲೆಯಿಂದ ಜಾರುತ್ತಿರಲಿಲ್ಲ. ಹೊಲದಲ್ಲಿ ಕಳೆ ಕೀಳುವಾಗ, ಕಣದಲ್ಲಿ ರಾಗಿ ತೂರುವಾಗ ಕೂಡ ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಕೆಲಸ. ಯಾರನ್ನಾದರೂ ಬೈಯಬೇಕಾದರೆ ಅಂಚನ್ನು ಬಾಯಿಂದ ತೆಗೆದು ಕೈಯಲ್ಲಿ ಹಿಡಿದು, ಬೈಯುವುದನ್ನೆಲ್ಲ ಬೈದು ಮುಗಿಸಿ, ಮತ್ತೆ ಕಚ್ಚಿಕೊಳ್ಳುತ್ತಿದ್ದರು. ಹಣೆ ತುಂಬ ವಿಭೂತಿ. ಮಧ್ಯಾಹ್ನದ ಹೊತ್ತಿಗೆ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿರುತ್ತಿತ್ತು.

ಹರಿಯಬ್ಬೆಯಿಂದ ಮಾಡದಕೆರೆ ಕಡೆಯ ಹಳ್ಳಿಗೆ ನಾನು ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದಲ್ಲಿ. ಅತ್ತೆ ಅಂದರೆ ನನಗೆ ಬಹಳ ಹೆದರಿಕೆ. ಬೆಳಿಗ್ಗೆ ಮಿಂದು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರೆಂದರೆ ಮುಗಿಯಿತು, ಸ್ವತಃ ಮಾವನವರು ಕರೆದರೂ ಓಗೊಡುತ್ತಿರಲಿಲ್ಲ. ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ, ಅಷ್ಟು ಹೊತ್ತು ದೇವರನ್ನು ಏನು ಬೇಡಿಕೊಳ್ಳುತ್ತೀರಿ ಅಂತ.

“ಬೇಡ್ಕಳಾದೇನೈತೆ? ನೆಂಟ್ರ ಮನೆಗೆ ಹೋಗಿ ಕುಂತು ಬಂದಂಗೆ. ಹೋದಾಗೆಲ್ಲ ಕೈ ಚಾಚಿದ್ರೆ ಬಾಗ್ಲು ಹಾಕ್ಕಂತಾರೆ” ಅಂದಿದ್ದರು.

ಮೊದಲ ಹೆರಿಗೆಗೆ ತವರಿಗೆ ಹೋಗಿ, ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಬಂದ ಮೇಲೆ ನನಗೆ ಏನೋ ಆಯಿತು. ನಿದ್ದೆ ಹಾರಿಹೋಯಿತು. ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕೂಸು ತೊಡೆಯ ಮೇಲೆಯೇ ಅತ್ತರೂ ಎಲ್ಲೋ ಬೇರೆಯವರ ಮನೆಯಲ್ಲಿ ಅಳುತ್ತಿದೆ ಅನ್ನಿಸುತ್ತಿತ್ತು. ಅಂಗೈಯಲ್ಲಿ ಲಿಂಗ ಇಟ್ಟುಕೊಂಡರೆ ಅದು ಬರೀ ಕಲ್ಲು. ಈ ಕೊನೆಯದನ್ನು ಮಾವನ ಅಕ್ಕನ ಮುಂದೆ ಬಾಯಿಬಿಟ್ಟೆ. ಅಯ್ಯೋ, ಯಾಕಾದರೂ ಹೇಳಿದೆನೋ!

“ಲಿಂಗನ ಕಲ್ಲು ಅಂತಾಳಲ್ರೋ! ಇದು ಇವಳ ಮಾತಲ್ಲ, ಒಳಗಿರಾದು ಮಾತಾಡ್ತೈತೆ. ಹಸಿ ಬಾಣಂತಿಗೆ ಗಾಳಿ ಸೋಕೈತೆ” ಎಂದು ಆಕೆ ಕೇರಿಗೆಲ್ಲ ಕೇಳುವಂತೆ ಕೂಗಿದಳು.

ನಮ್ಮ ಸೀಮೆಯಲ್ಲಿ ಗಾಳಿ ಬಿಡಿಸುವ ಬಗೆ ಒಂದಿತ್ತು. ಅಮಾವಾಸ್ಯೆ ದಿನ ಹೆಂಗಸನ್ನು ಹುಣಸೆಮರದ ಬುಡದಲ್ಲಿ ಕೂರಿಸಿ, ನೆತ್ತಿಯ ಕೂದಲು ಹಿಡಿದು, ಹಸಿ ಕಡ್ಡಿಗಳ ಬರಲಿನಿಂದ ಹೊಡೆಯುತ್ತ “ಯಾರು ನೀನು? ಹೆಸರು ಹೇಳು” ಎಂದು ಕೇಳುವುದು. ಸತ್ತವರಲ್ಲಿ ಯಾರದಾದರೂ ಹೆಸರು ಬಾಯಿಂದ ಬರುವ ತನಕ ಬಿಡುವಂತಿಲ್ಲ. ಬಂದ ಕೂಡಲೇ ಹಿಡಿದ ಕೂದಲನ್ನು ಬುಡಸಮೇತ ಕಿತ್ತು ಮರಕ್ಕೆ ಮೊಳೆ ಹೊಡೆದರೆ ಗಾಳಿ ಮರಕ್ಕೆ ಹೋಯಿತೆಂದು ಲೆಕ್ಕ. ಇದನ್ನು ಮಾಡುತ್ತಿದ್ದ ಪಕ್ಕದೂರಿನ ಅಯ್ಯ ಅಮಾವಾಸ್ಯೆಯ ಹಿಂದಿನ ದಿನ ನಮ್ಮ ಪಡಸಾಲೆಗೆ ಬಂದು ಕೂತ. ನನ್ನ ಕೊರಳಿನ ಲಿಂಗ ತೆಗೆದಿಡಬೇಕು ಅಂದ. ಮಾವ ಆಗಲಿ ಎಂದು ತಲೆಯಾಡಿಸಿದರು. ನನ್ನ ಗಂಡ ಅನ್ನಿಸಿಕೊಂಡವರು ನೆಲ ನೋಡುತ್ತಿದ್ದರು.

“ಹೆದರ್ಬೇಡ್ರಿ. ಈ ಮನೆ ಯಜಮಾನ್ತಿಗೇ ನಮ್ಮಪ್ಪ ಬಿಡಿಸಿದ್ದ. ಬೇಕಾದ್ರೆ ಅವ್ರನ್ನೇ ಕೇಳ್ರಿ” ಅಂದ ಅಯ್ಯ.

ಅತ್ತೆ ಒಳಗಿಂದ ಬಂದರು. ನಡುಮನೆಯ ಬಾಗಿಲಲ್ಲಿ ನಿಂತು, ಅಷ್ಟು ಗಂಡಸರ ಎದುರಿಗೆ, ತಲೆಯ ಮೇಲಿನ ಸೆರಗನ್ನು ಎಳೆದು ಹೆಗಲಿಗೆ ಹಾಕಿಕೊಂಡರು. ನೆತ್ತಿಯಲ್ಲಿ ಅಂಗೈಯಗಲ ಕೂದಲಿರಲಿಲ್ಲ. ನುಣ್ಣಗೆ ಹೊಳೆಯುತ್ತಿತ್ತು.

“ಸೆರಗು ಹಾಕ್ಕಳೇ!” ಎಂದು ಮಾವ ಗದರಿದರು.

“ಇವತ್ತು ಹಾಕ್ಕಳಲ್ಲ. ಕೇಳ್ರಿ ಅಂದ್ನಲ್ಲ, ಎಲ್ರೂ ಕೇಳ್ಕಳ್ರಿ. ನನ್ನ ಮೊದಲ್ನೇ ಕೂಸು ಹೋಗಿತ್ತು. ಅನ್ನ ಸೇರ್ತಿರ್ಲಿಲ್ಲ, ಮಾತು ಬೇಡಾಗಿತ್ತು. ಅಷ್ಟೇ. ನನ್ನ ಮೈಮೇಲೆ ಯಾವಳೂ ಬಂದಿರ್ಲಿಲ್ಲ. ಇವ್ನ ಅಪ್ಪ ಹೆಸ್ರು ಹೇಳು, ಹೆಸ್ರು ಹೇಳು ಅಂತ ಬಡಿದ. ತಡಕಳಾಕಾಗ್ದೆ, ಬಾವಿಗೆ ಬಿದ್ದು ಸತ್ತಿದ್ದ ಪಕ್ಕದ ಮನೆ ಹೆಣ್ಮಗಳ ಹೆಸ್ರು ಹೇಳ್ದೆ. ಬಿಡ್ತು ಅಂದ್ರಿ. ಬಿಟ್ಟಿದ್ದು ಗಾಳಿ ಅಲ್ಲ, ಇವ್ನ ಅಪ್ಪನ ಕೈ!”

ಅತ್ತೆಯ ದನಿ ಒಡೆಯಿತು.

“ಆ ಹೆಣ್ಮಗಳ ತಂಗಿಗೆ ಕಡೀವರೆಗೂ ಗಂಡು ಸಿಗ್ಲಿಲ್ಲ. ದೆವ್ವದ ಮನೆ ಅಂದ್ರಿ. ನನ್ನ ಬಾಯಿಂದ ಆಗಿದ್ದು ಅದು. ಈ ಹುಡ್ಗಿ ಬಾಯಿಂದ ನಾಳೆ ಯಾರ ಮನೆ ಹಾಳು ಮಾಡಿಸ್ತೀರಿ, ಹೇಳ್ರಿ.”

ಮಾವನ ಅಕ್ಕ ಸುಮ್ಮನಿರುವವಳೇ? “ದೇವ್ರ ಮೇಲೆ ನಂಬ್ಕೆ ಇಲ್ಲೇನೇ ನಿಂಗೆ?” ಅಂದಳು.

“ದೇವ್ರ ಮೇಲೈತೆ. ಇವ್ನ ಬರಲಿನ ಮೇಲಿಲ್ಲ. ಲಿಂಗ ಕಟ್ಟಿದ ಮೈಗೆ ಗಾಳಿ ಸೋಕಲ್ಲ ಅಂತ ನೀವೇ ಅಂತೀರಿ. ಈಗ ಗಾಳಿ ಬಿಡ್ಸಾಕೆ ಲಿಂಗ ತೆಗಿ ಅಂತೀರಿ. ಎರಡ್ರಾಗೆ ಯಾವ್ದು ಸುಳ್ಳು, ಹೇಳ್ಬಿಟ್ಟು ಕೈ ಹಚ್ರಿ.”

ಅಯ್ಯ ಟವಲು ಕೊಡವಿ ಎದ್ದುಹೋದ.

ಅಮಾವಾಸ್ಯೆ ದಿನ ನಮ್ಮ ಕಡೆ ಯಾರೂ ಊರು ಬಿಟ್ಟು ಹೊರಡುವುದಿಲ್ಲ. ಅತ್ತೆ ಬೇಕೆಂದೇ ಅವತ್ತು ನನ್ನನ್ನು ಆಸ್ಪತ್ರೆಗೆ ಹೊರಡಿಸಿದರು. ಹೊಳಲ್ಕೆರೆ ದಾಟಿ ದಾವಣಗೆರೆಗೆ ಹೋಗುವ ಬಸ್ಸು ಖಾಲಿ ಇತ್ತು. “ನೋಡ್ದಾ, ಕಾಲು ಚಾಚ್ಕಂಡು ಹೋಗಾಣ” ಅಂದರು. ಆಸ್ಪತ್ರೆಯಲ್ಲಿ ಡಾಕ್ಟರರನ್ನು ಅವರು ಕೇಳಿದ ಪ್ರಶ್ನೆ ನೆನೆದರೆ ಈಗಲೂ ನಗು ಬರುತ್ತದೆ, ಅಳುವೂ ಬರುತ್ತದೆ: “ಡಾಕ್ಟ್ರೇ, ಇವಳಿಗೆ ಲಿಂಗ ಕಲ್ಲಿನಂಗೆ ಕಾಣ್ತೈತಂತೆ. ಅದಕ್ಕೂ ಗುಳಿಗೆ ಐತಾ?” ಅವರು ನಗಲಿಲ್ಲ, ಪುಣ್ಯಾತ್ಮರು. “ಮೊದಲು ನಿದ್ದೆ ಬರಲಿ ತಾಯಿ. ಹೆರಿಗೆಯಾದವರಿಗೆ ಹೀಗೆ ಆಗುವುದುಂಟು, ವಾಸಿಯಾಗುತ್ತೆ” ಅಂದರು.

ಮಂತ್ರ ಹಾಕಿದಂತೇನೂ ವಾಸಿಯಾಗಲಿಲ್ಲ. ಗುಳಿಗೆಗೆ ಬಾಯಿ ಒಣಗುತ್ತಿತ್ತು, ಕೈ ನಡುಗಿ ಲೋಟ ಚೆಲ್ಲುತ್ತಿತ್ತು. ಗುಳಿಗೆ ಪೊಟ್ಟಣವನ್ನು ಅತ್ತೆ ದೇವರ ಜಗುಲಿಯ ಮೇಲೆ ವಿಭೂತಿಗಟ್ಟಿಯ ಪಕ್ಕದಲ್ಲೇ ಇಟ್ಟರು. ನೋಡಿದ ನೆಂಟರು ಮುಖ ಸಿಂಡರಿಸಿದರೆ, “ದೇವ್ರು ತಿನ್ನಲ್ಲ ಬಿಡ್ರಿ, ಅವಳೇ ತಿಂತಾಳೆ” ಅನ್ನುತ್ತಿದ್ದರು. ಪೂಜೆಗೆ ಕೂರುವಾಗ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ನನಗೆ ಏನೂ ಅನ್ನಿಸುವುದಿಲ್ಲ ಅತ್ತೆ ಎಂದು ಅತ್ತರೆ, “ಅನ್ನಿಸ್ಬೇಕು ಅಂತ ಯಾರ್ ಕೇಳಿದ್ರು ನಿನ್ನ? ಸುಮ್ನೆ ಕುಂತ್ಕ. ದೇವ್ರಿಗೇನು ಬಸ್ಸು ತಪ್ಪಲ್ಲ.” ಹೀಗೆ ಕೂತೂ ಕೂತೂ, ಒಂದು ಬೆಳಿಗ್ಗೆ ಕೂಸು ಅತ್ತದ್ದು ನನ್ನ ಮನೆಯಲ್ಲೇ ಅನ್ನಿಸಿತು. ಎದ್ದು ಹೋಗಿ ಎತ್ತಿಕೊಂಡೆ. ಅತ್ತೆ ಪೂಜೆಯಿಂದ ಕತ್ತು ತಿರುಗಿಸಿ ನೋಡಿದರು. ಅವರು ಹಾಗೆ ನೋಡಿದ್ದು ಅದೊಂದೇ ಸಲ.

ಲಿಂಗ ಕೆಲವು ದಿನ ದೇವರಾಗಿ ಕಾಣುತ್ತದೆ, ಕೆಲವು ದಿನ ಇಲ್ಲ. ಯಾರಿಗೂ ಹೆದರದೆ ಹೇಳುತ್ತೇನೆ.

ಅತ್ತೆ ತೀರಿಕೊಂಡದ್ದು ಬಹಳ ವರ್ಷಗಳ ಮೇಲೆ, ಕಣದಲ್ಲಿ, ಕೂತ ಕಡೆಯೇ. ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟು ಮಣ್ಣು ಮಾಡಿ ಬಂದೆವು. ಅಂಗಳದಲ್ಲಿ ಕೂತಿದ್ದ ನೆಂಟರ ಹೆಂಗಸೊಬ್ಬಳು ನನ್ನ ಕಿವಿಗೆ ಬಾಯಿಟ್ಟು, “ಹುಷಾರು ಕಣೆ ತಾಯಿ. ನಿಮ್ಮತ್ತೆ ಹಿಡಿದಿದ್ದು ಬಿಡ್ದ ಜಿಗಿ ಮನಸಿನ ಹೆಂಗ್ಸು. ಮೊದ್ಲೇ ನಿಂದು ಎಳೇ ಮನಸು. ನಿನ್ನ ಮೈಮೇಲೆ ಬಂದಾರು” ಅಂದಳು.

ನಾನು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದೆ:

“ಅವರು ಬರಲ್ಲ ಕಣಮ್ಮ. ಸೊಸೆಗೆ ನಿದ್ದೆ ಬರ್ಲಿ ಅಂತ ಊರನ್ನೇ ಎದುರು ಹಾಕ್ಕಂಡೋರು. ಅಂಥೋರು ಬಂದು ನನ್ನ ನಿದ್ದೆ ಕೆಡಿಸ್ತಾರಾ?”