ನಮ್ಮೂರನ್ನು ಆರಿಸಿಕೊಂಡವಳು

ಲಾಹಾನಿ ಚೌಧರಿಯನ್ನು ನಾನು ಮೊದಲು ಕಂಡದ್ದು ಕಾಠ್ಮಾಂಡು ಪಕ್ಕದ ಕೀರ್ತಿಪುರದಲ್ಲಿ, ನಮ್ಮ ಭೂಗೋಳ ವಿಭಾಗದ ತಾರಸಿಯ ಮೇಲೆ. ಮಾಘದ ಚಳಿಗೆ ನಕ್ಷೆ ಕೋಣೆಯಲ್ಲಿ ಬೆರಳು ಮರಗಟ್ಟುತ್ತಿದ್ದವು, ಎಲ್ಲರೂ ಬಿಸಿಲಿಗೆ ಬಂದು ಕೂತಿದ್ದೆವು. ಅವಳು ನಕ್ಷೆಯ ನಾಲ್ಕು ಮೂಲೆಗೂ ಕಿತ್ತಳೆ ಹಣ್ಣಿಟ್ಟು ಮಂಡಿಯೂರಿ ಬಗ್ಗಿದ್ದಳು. ಕಿವಿಗೆ ಹಸಿರು ಮಫ್ಲರ್ ಸುತ್ತಿದ್ದಳು, ಕಾಲಲ್ಲಿ ಮಾತ್ರ ಬರೀ ಚಪ್ಪಲಿ. ಬರ್ದಿಯಾದ ಬಯಲಿನ ಹುಡುಗಿ, ಚಳಿಗೆ ಎಲ್ಲಿ ಏನು ಹೊದೆಯಬೇಕೆಂದು ಇನ್ನೂ ತಿಳಿದಿರಲಿಲ್ಲ.

"ದಿದಿ, ಎತ್ತರದ ಗೆರೆಗಳು ಇಲ್ಲಿ ಇಷ್ಟು ಒತ್ತೊತ್ತಾಗಿ ಇದಾವಲ್ಲ, ಜನ ನಿಂತ್ಕೊಳ್ಳೋಕಾದ್ರೂ ಆಗುತ್ತಾ?"

ಬಗ್ಗಿ ನೋಡಿದೆ. ಅವಳ ಬೆರಳಿದ್ದದ್ದು ರಾಮೆಛಾಪ್ ಬೆಟ್ಟದ ಸಿಮ್ಲೆಯ ಮೇಲೆ. ಅದು ನನ್ನ ಊರು.

"ನಿಂತ್ಕೋತೀವಿ, ಮಲಗ್ತೀವಿ, ಎಮ್ಮೇನೂ ಕಟ್ತೀವಿ" ಅಂದೆ. ಅವಳು ನಕ್ಕು ಒಂದು ಮೂಲೆಯ ಕಿತ್ತಳೆಯನ್ನು ನನ್ನ ಕೈಗಿತ್ತಳು. ಗಾಳಿಗೆ ಆ ಮೂಲೆ ಮೇಲೆದ್ದಿತು.

ನಾನು ಭೂಗೋಳಕ್ಕೆ ಸೇರಿದ್ದೇ ಸಿಮ್ಲೆಯ ಸಲುವಾಗಿ. ನಮ್ಮೂರಿನ ಒರತೆ ಬತ್ತಿಹೋಗಿತ್ತು, ಹೆಂಗಸರು ಕಣಿವೆಗಿಳಿದು ನೀರು ಹೊರುತ್ತಿದ್ದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಸ್ನಾತಕೋತ್ತರ ಪ್ರಬಂಧವನ್ನು ಆ ಒರತೆಯ ಮೇಲೆಯೇ ಬರೆಯಬೇಕೆಂದು ಮೊದಲ ದಿನವೇ ನಿಶ್ಚಯಿಸಿದ್ದೆ. ನಮ್ಮಲ್ಲಿ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದರೂ ಪದವಿ ಬರುವುದಿಲ್ಲ. ಒಂದು ಊರಿಗೆ ಹೋಗಿ ಅಲ್ಲಿದ್ದು, ನಕ್ಷೆ ಮಾಡಿ, ಪ್ರಬಂಧ ಬರೆದು, ಪರೀಕ್ಷಕರೆದುರು ಸಮರ್ಥಿಸಬೇಕು. ಎಷ್ಟೋ ಹಿರಿಯ ವಿದ್ಯಾರ್ಥಿಗಳು ಮದುವೆಯಾಗಿ, ಮಕ್ಕಳಾಗಿ, ಇನ್ನೂ "ಪ್ರಬಂಧ ಒಂದು ಬಾಕಿ" ಎನ್ನುತ್ತಲೇ ಇದ್ದರು.

ಮಾರ್ಗದರ್ಶಕರಾದ ಕಟುವಾಲ್ ಸರ್ ನನ್ನ ವಿಷಯ ಕೇಳಿ ಅಡ್ಡ ತಲೆಯಾಡಿಸಿದರು.

"ಸ್ವಂತ ಊರು ಬೇಡಮ್ಮ. ಅಲ್ಲಿ ನೀನು ಯಾರನ್ನೂ ಕೇಳಲ್ಲ. ಎಲ್ಲಾ ಗೊತ್ತು ಅಂತ ಕೂತಲ್ಲೇ ಬರೆದುಬಿಡ್ತೀಯ."

ಆ ಸಂಜೆ ಲಾಹಾನಿ ನನ್ನ ಕೋಣೆಗೆ ಬಂದಳು. ಸಿಮ್ಲೆಯನ್ನು ತನ್ನ ಪ್ರಬಂಧಕ್ಕೆ ತೆಗೆದುಕೊಳ್ಳಲೇ, ಬೇಡವೆಂದರೆ ಬಿಡುತ್ತೇನೆ ಎಂದಳು. ಊರೇನು ನನ್ನ ಜೇಬಿನಲ್ಲಿದೆಯೇ ಎಂದುಬಿಟ್ಟೆ. ಅಮ್ಮನಿಗೊಂದು ಶಾಲನ್ನೂ ಅವಳ ಕೈಯಲ್ಲೇ ಕಳಿಸಿದೆ.

ನಾನು ಝಾಪಾದ ಒಂದು ಸಂತೆಯ ಮೇಲೆ ಬರೆಯಲು ಹೋದೆ. ತರಕಾರಿ ಮಾರುವವರ ನಡುವೆ ನಿಂತು ಊರಿನ ಸುದ್ದಿಯನ್ನು ಫೋನಿನಲ್ಲಿ ಕೇಳುತ್ತಿದ್ದೆ. ಲಾಹಾನಿ ನಮ್ಮ ಮನೆಯಲ್ಲೇ ಉಳಿದುಕೊಂಡಿದ್ದಳು. ಮೊದಲ ವಾರ ಕಾಲುದಾರಿಯಲ್ಲಿ ಜಾರಿಬಿದ್ದಳಂತೆ, ಕೇರಿಯೆಲ್ಲ ನಕ್ಕಿತಂತೆ. ಆ ದಿನ ನನಗೂ ಹಿತವೆನಿಸಿತು. ಆಮೇಲೆ ಹೊರೆಯ ಪಟ್ಟಿಯನ್ನು ಹಣೆಗೆ ಕೊಟ್ಟು ಬೆನ್ನ ಮೇಲೆ ನೀರು ಹೊರುವುದನ್ನು ಕಲಿತಳಂತೆ. ಹುಳಿ ಬರಿಸಿ ಒಣಗಿಸಿದ ಸೊಪ್ಪಿನ ಗುಂದ್ರುಕ್ ಸಾರನ್ನು ಮತ್ತೆ ಮತ್ತೆ ಹಾಕಿಸಿಕೊಂಡಳಂತೆ. ಒಂದು ದಿನ ಅಮ್ಮ, "ಕಾಂಛಿ ಇವತ್ತು ಎಮ್ಮೆ ಹಾಲು ಕರೆದ್ಳು" ಎಂದಳು. ಕಾಂಛಿ ಎಂದರೆ ಮನೆಯ ಕಿರಿಮಗಳು. ಅಮ್ಮ ಆ ಹೆಸರಿನಿಂದ ಕರೆಯುತ್ತಿದ್ದದ್ದು ನನ್ನನ್ನು. ಸಂತೆಯ ಗದ್ದಲದಲ್ಲಿ ಫೋನು ಹಿಡಿದು ನಿಂತೇ ಇದ್ದೆ. ನನಗೆ ಇಂದಿಗೂ ಹಾಲು ಕರೆಯಲು ಬರುವುದಿಲ್ಲ.

ಅವಳ ಮೌಖಿಕ ಪರೀಕ್ಷೆಗೆ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಗೋಡೆಗೆ ಹಾಕಿದ್ದ ಸಿಮ್ಲೆಯ ನಕ್ಷೆಯಲ್ಲಿ, ಒರತೆಯ ಮೇಲ್ಗಡೆ ನೀಲಿ ಬಣ್ಣದ ಒಂದು ವೃತ್ತವಿತ್ತು. ಅದೇನೆಂದು ಪರೀಕ್ಷಕರು ಕೇಳಿದರು. ಅಲ್ಲಿ ಹಿಂದೆ ಎಮ್ಮೆಗಳು ಹೊರಳುವ ಹೊಂಡವಿತ್ತು, ಮಳೆ ನೀರು ಅದರಲ್ಲಿ ಇಂಗಿ ಕೆಳಗೆ ಒರತೆಯಾಗುತ್ತಿತ್ತು, ಊರವರು ಅದನ್ನು ಮುಚ್ಚಿ ವಾಲಿಬಾಲ್ ಅಂಗಳ ಮಾಡಿದ ಮೇಲೆ ನೀರು ಕುಗ್ಗಿತು ಎಂದು ಹಿರಿಯ ಹೆಂಗಸರು ಹೇಳಿದ್ದಾರೆ ಎಂದಳು. ಆ ಅಂಗಳದಲ್ಲೇ ನಾನು ಆಡಿ ಬೆಳೆದದ್ದು. ಯಾರು ಹೇಳಿದರು ಎಂದು ಅವರು ಕೆದಕಿದಾಗ ಲಾಹಾನಿ ಮೊದಲು ನನ್ನಮ್ಮನ ಹೆಸರು ಹೇಳಿದಳು.

ಹೊರಗೆ ಬಂದವಳೇ ಅಮ್ಮನಿಗೆ ಫೋನು ಮಾಡಿದೆ. ಹೊಂಡದ ವಿಷಯ ನನಗೇಕೆ ಹೇಳಲಿಲ್ಲವೆಂದು ಕೇಳಿದೆ.

"ನಿನಗೆ ಊರೆಲ್ಲಾ ಗೊತ್ತಲ್ಲ. ಅವಳಿಗೆ ಗೊತ್ತಿರ್ಲಿಲ್ಲ, ಕೇಳಿದ್ಳು." ಅಮ್ಮ ದನಿ ತಗ್ಗಿಸಿದಳು: "ಹೊಂಡ ಮುಚ್ಚೋಕೆ ಮಣ್ಣು ಹೊತ್ತವರಲ್ಲಿ ನಿನ್ನಪ್ಪಾನೂ ಇದ್ರು. ತೀರಿಹೋದವರ ಮಾತನ್ನ ಮಗಳ ಹತ್ರ ಹ್ಯಾಗೆ ಎತ್ತಲಿ?"

ನನ್ನ ಪ್ರಬಂಧ ಮರುವರ್ಷ ಮುಗಿಯಿತು. ಪಾಸಾದೆ ಎಂದು ಹೇಳಿದಾಗ ಅಮ್ಮ ಮೊದಲು ಕೇಳಿದ್ದು, "ಲಾಹಾನಿಗೆ ಹೇಳಿದ್ಯಾ?"

ನಾನು ಕಾಠ್ಮಾಂಡುವಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ, ದಶೈಂ ಹಬ್ಬಕ್ಕೆ ಊರಿಗೆ ಹೋಗುತ್ತೇನೆ. ಹೋದಾಗ ಕೆಳಗಿನ ಜಗುಲಿಯಲ್ಲಿ ಮಲಗುತ್ತೇನೆ. ಲಾಹಾನಿ ಈಗ ನಮ್ಮೂರಿನ ಪಂಚಾಯಿತಿಯಾದ ಗಾವ್‌ಪಾಲಿಕೆಯಲ್ಲಿ ನೀರಿನ ಕೆಲಸ ನೋಡಿಕೊಳ್ಳುತ್ತಾಳೆ, ಮುಚ್ಚಿಹೋದ ಹೊಂಡಗಳನ್ನು ಮತ್ತೆ ತೋಡಿಸುತ್ತಾಳೆ. ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದಾಳೆ.